ಸಿಸ್ಟರ್‌ನ ಕೇಳಿ: "ಅಲ್ಲಿ ಯಾರೂ ನನ್ನ ನೋಡಲಿಲ್ಲ" ಅಂತ ಅಮ್ಮ ಯಾಕೆ ಹೇಳಿದರು?

ಪ್ರಶ್ನೆ – ದಾವಣಗೆರೆಯಿಂದ

ನಮಸ್ಕಾರ ಸಿಸ್ಟರ್. ನಮ್ಮ ಅಮ್ಮನಿಗೆ 71 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆ ಮೂಳೆ ಮುರಿಯಿತು. ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರ್ ಒಳ್ಳೆಯವರು. ಎಸಿ ರೂಮು, ದಿನಾ ಹೊಸ ಬೆಡ್‌ಶೀಟ್, ಹೊತ್ತಿಗೆ ಸರಿಯಾಗಿ ಊಟ. 9ನೇ ದಿನ ಮನೆಗೆ ಕಳಿಸುವಾಗ ಫೀಡ್‌ಬ್ಯಾಕ್ ಫಾರಂ ಕೊಟ್ಟರು. ನಾನು ಎಲ್ಲದಕ್ಕೂ 5 ಹಾಕೋಣ ಅಂತಿದ್ದೆ. ಅಮ್ಮ ಬೇಡ ಅಂದರು. "ಅಲ್ಲಿ ಯಾರೂ ನನ್ನ ನೋಡಲಿಲ್ಲ ಕಣೋ" ಅಂದರು.

ನಾಲ್ಕು ವರ್ಷದ ಹಿಂದೆ ಡೆಂಗ್ಯೂ ಬಂದಾಗ ಇದೇ ಅಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ 5 ದಿನ ಇದ್ದರು. ಗೋಡೆ ಸುಣ್ಣ ಉದುರುತ್ತಿತ್ತು, ಫ್ಯಾನ್ ಕಿರ್ ಕಿರ್ ಅಂತಿತ್ತು. ಆದರೂ "ಆ ಸಿಸ್ಟರ್‌ಗಳು ಎಷ್ಟು ಚೆನ್ನಾಗಿ ನೋಡ್ಕೊಂಡ್ರು" ಅಂತ ಇವತ್ತಿಗೂ ಹೇಳುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿದ ನನಗೆ ಬೇಜಾರಾಗಿದೆ. ಅಮ್ಮ ಹೇಳುವುದರಲ್ಲಿ ಅರ್ಥ ಇದೆಯಾ, ಅಥವಾ ವಯಸ್ಸಾಯಿತು ಅಂತ ಬಿಟ್ಟುಬಿಡಬೇಕಾ?

ಸಿಸ್ಟರ್ ಉತ್ತರ

ಬಿಡಬೇಡಿ ಅಣ್ಣ. ಅಮ್ಮ ಸರಿಯಾಗಿಯೇ ಹೇಳಿದ್ದಾರೆ.

ನಾನು 23 ವರ್ಷದಿಂದ ವಾರ್ಡಿನಲ್ಲಿದ್ದೇನೆ. ಜನರಲ್ ನರ್ಸಿಂಗ್ ಮುಗಿಸಿ ಮೊದಲು ಒಂದು ನರ್ಸಿಂಗ್ ಹೋಂ, ಆಮೇಲೆ ಸರ್ಕಾರಿ ಆಸ್ಪತ್ರೆ. ಸರ್ಜಿಕಲ್ ವಾರ್ಡು, ಮೂಳೆ ವಾರ್ಡು, ಹೆರಿಗೆ ವಾರ್ಡು ಎಲ್ಲ ಕಡೆ ಡ್ಯೂಟಿ ಮಾಡಿದ್ದೇನೆ. ಅಮ್ಮ ಬಳಸಿದ ಮಾತನ್ನೇ ಗಮನಿಸಿ. "ನೋಡಲಿಲ್ಲ." ಕನ್ನಡದಲ್ಲಿ ನಾವು ರೋಗಿಯನ್ನು "ನೋಡ್ಕೊಳ್ಳೋದು" ಅಂತೀವಿ. ಆ ಮಾತಿನಲ್ಲೇ ಕಣ್ಣು ಇದೆ. ನಿಮ್ಮ ಅಮ್ಮನ ರೂಮಿಗೆ ದಿನಕ್ಕೆ ಹತ್ತು ಹದಿನೈದು ಸಲ ಯಾರಾದರೂ ಬಂದೇ ಇರುತ್ತಾರೆ. ಬಿಪಿ ನೋಡಿದರು, ಡ್ರಿಪ್ ನೋಡಿದರು, ಗಾಯದ ಪಟ್ಟಿ ನೋಡಿದರು, ಮಾನಿಟರ್ ನೋಡಿದರು, ಕೇಸ್ ಶೀಟ್ ನೋಡಿದರು. ಅಮ್ಮನ ಮುಖ ಯಾರು ನೋಡಿದರು? ಅವರು ಕೇಳುತ್ತಿರುವುದು ಅದನ್ನೇ.

ಮೂಳೆ ಮುರಿದವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಆಪರೇಷನ್ ಆಗಿ ಎರಡನೇ ದಿನವೋ ಮೂರನೇ ದಿನವೋ ಮೂತ್ರದ ಪೈಪ್ ತೆಗೆಯುತ್ತಾರೆ. ಅಲ್ಲಿಂದ ಬೆಡ್‌ಪ್ಯಾನ್. ಜೀವಮಾನವಿಡೀ ಮನೆಯವರ ಕಣ್ಣಿಗೂ ಬೀಳದ ಹಾಗೆ ಇದ್ದ ಹೆಂಗಸು, ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿ, ಯಾರೋ ಬಂದು, ಸೀರೆ ಎತ್ತಿ, ಸೊಂಟ ಎತ್ತಿ, ಆ ತಣ್ಣಗಿನ ಸ್ಟೀಲ್ ಪಾತ್ರೆ ಕೆಳಗಿಡುವವರೆಗೆ ಕಾಯಬೇಕು. ಬಂದವರು ಪರದೆ ಎಳೆದರಾ? ಪಾತ್ರೆಗೆ ಸ್ವಲ್ಪ ಬಿಸಿನೀರು ಸುರಿದು ಒರೆಸಿ ತಂದರಾ? ಆದ ಮೇಲೆ ತಕ್ಷಣ ಬಂದು ತೆಗೆದರಾ, ಅಥವಾ ಅರ್ಧ ಗಂಟೆ ಹಾಗೇ ಬಿಟ್ಟು ಹೋದರಾ? ರೋಗಿಯ ಲೆಕ್ಕದಲ್ಲಿ ಆಸ್ಪತ್ರೆ ಅಂದರೆ ಇದು. ಎಸಿ ಅಲ್ಲ.

ಇದು ನನ್ನೊಬ್ಬಳ ಅನುಭವ ಮಾತ್ರ ಅಲ್ಲ. ನರ್ಸ್‌ಗಳ ಕಾಳಜಿಯನ್ನು ಅಳೆಯುವುದಕ್ಕೆ ಪ್ರಶ್ನೆಪಟ್ಟಿಗಳೇ ಇವೆ. ಅಮೆರಿಕದ ಜೀನ್ ವಾಟ್ಸನ್ 1979ರಲ್ಲಿ, ಕಾಳಜಿ ಮಾಡುವುದೇ ನರ್ಸಿಂಗ್‌ನ ತಿರುಳು ಅಂತ ಒಂದು ಸಿದ್ಧಾಂತ ಬರೆದರು. ಆಮೇಲೆ ಜೇನ್ ವುಲ್ಫ್ ಅನ್ನುವವರು ಅಳತೆಗೆ ಒಂದು ಪಟ್ಟಿ ಮಾಡಿದರು. 2006ರಲ್ಲಿ ಬೇರೆ ಸಂಶೋಧಕರು ಅದನ್ನು 24 ಪ್ರಶ್ನೆಗೆ ಇಳಿಸಿದರು. ಅದರಲ್ಲಿ ಕಾಳಜಿಯ ನಾಲ್ಕು ಮುಖ ಬರುತ್ತವೆ. ಕರೆದಾಗ ಸಿಗುತ್ತಾರೆ ಅನ್ನುವ ಭರವಸೆ, ಕೆಲಸದ ಜ್ಞಾನ ಮತ್ತು ಕೈಚಳಕ, ಮರ್ಯಾದೆ, ನಮ್ಮವರು ಅನ್ನುವ ನಂಟು. ಬೇರೆ ಬೇರೆ ದೇಶಗಳಲ್ಲಿ ಇಂಥ ಪಟ್ಟಿ ಹಿಡಿದು ಕೇಳಿದಾಗ ಮತ್ತೆ ಮತ್ತೆ ಕಂಡದ್ದು ಒಂದೇ. ನರ್ಸ್ ಕಾಳಜಿ ಮಾಡಿದರು ಅನ್ನಿಸಿದ ರೋಗಿ ಆಸ್ಪತ್ರೆಯ ಬಗ್ಗೆಯೂ ತೃಪ್ತಿಯಿಂದ ಮಾತಾಡುತ್ತಾನೆ. ಡಾಕ್ಟರ್ ದಿನಕ್ಕೆ ಐದು ನಿಮಿಷ ಬಂದು ಹೋಗುತ್ತಾರೆ. ಉಳಿದ ಹೊತ್ತಿಗೆ ಆಸ್ಪತ್ರೆ ಅಂದರೆ ನಾವೇ.

ಪ್ರತಿಕ್ರಿಯೆ – ದಾವಣಗೆರೆಯವರೇ

ಬೆಡ್‌ಪ್ಯಾನ್ ವಿಷಯ ಓದಿ ಗಂಟಲು ಕಟ್ಟಿತು ಸಿಸ್ಟರ್. ಅಮ್ಮ ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಯಾಕೆ ಅಂತ ನಾನು ಕೇಳಲೇ ಇಲ್ಲ. ಹಾಗಾದರೆ ಸಿಸ್ಟರ್‌ಗಳು ನಗುನಗುತ್ತಾ ಮಾತಾಡಿದರೆ ಸಾಕು ಅಂತಾನಾ?

ಸಿಸ್ಟರ್ ಉತ್ತರ

ನಗು ಸಾಲದು. ಇಲ್ಲಿ ನಾವು ನರ್ಸ್‌ಗಳೇ ಎಡವುತ್ತೇವೆ.

1984ರಲ್ಲಿ ಪೆಟ್ರಿಷಿಯಾ ಲಾರ್ಸನ್ ಅನ್ನುವವರು ಅಮೆರಿಕದ ಕ್ಯಾನ್ಸರ್ ರೋಗಿಗಳ ಮುಂದೆ ನರ್ಸ್‌ಗಳ 50 ವರ್ತನೆಗಳನ್ನಿಟ್ಟು, ಯಾವುದು ಮುಖ್ಯ ಅಂತ ಕೇಳಿದರು. ಆಮೇಲೆ ಅದನ್ನೇ ನರ್ಸ್‌ಗಳಿಗೂ ಕೇಳಿದರು. ನರ್ಸ್‌ಗಳು ಮೇಲಿಟ್ಟದ್ದು ರೋಗಿಯ ಮಾತು ಕೇಳುವುದು, ಕೈ ಹಿಡಿದು ಸಮಾಧಾನ ಹೇಳುವುದು. ರೋಗಿಗಳು ಮೇಲಿಟ್ಟದ್ದು, ಸೂಜಿ ಚುಚ್ಚುವುದು ಡ್ರಿಪ್ ಹಾಕುವುದು ಸರಿಯಾಗಿ ಗೊತ್ತಿರಬೇಕು, ಯಾವಾಗ ಡಾಕ್ಟರನ್ನು ಕರೆಯಬೇಕು ಅಂತ ತಿಳಿದಿರಬೇಕು ಅನ್ನುವುದನ್ನು.

ಯೋಚಿಸಿದರೆ ಸರಿ ಅಲ್ವಾ? ನರ ಸಿಗದೆ ನಾಲ್ಕು ಕಡೆ ಚುಚ್ಚಿ, ಕೈಯೆಲ್ಲ ನೀಲಿ ಮಾಡಿ, "ಅಜ್ಜಿ, ಏನೂ ಆಗಲ್ಲ" ಅಂತ ನಕ್ಕರೆ ಆ ನಗು ಯಾರಿಗೆ ಬೇಕು? ಎರಡು ಸಲ ನರ ಸಿಗದಿದ್ದರೆ ಮೂರನೇ ಸಲಕ್ಕೆ ಬೇರೆಯವರನ್ನು ಕರೆಯುವುದು ನನ್ನ ಪ್ರಕಾರ ದೊಡ್ಡ ಕಾಳಜಿ. ಅದಕ್ಕೆ ನಮ್ಮ ಜಂಬ ಬದಿಗಿಡಬೇಕು. ಪ್ರಾಣ ನಿಮ್ಮ ಕೈಲಿದೆ ಅಂತ ನಂಬಿ ಮಲಗಿದವರಿಗೆ ಮೊದಲು ಬೇಕಾದದ್ದು ಬಲ್ಲ ಕೈ. ಮೃದು ಮಾತು ಅದರ ಜೊತೆಗೆ ಬರಬೇಕು, ಅದರ ಬದಲಿಗೆ ಅಲ್ಲ.

ಅಮ್ಮ ನೀರು ಬಿಟ್ಟಿದ್ದರು ಅಂದಿರಲ್ಲ, ತುಂಬ ಜನ ಹೀಗೆ ಮಾಡುತ್ತಾರೆ. ಯಾರನ್ನೂ ಕರೆಯುವುದು ಬೇಡ ಅಂತ. ಇದರಿಂದ ಉರಿ ಮೂತ್ರ, ಸೋಂಕು, ಮಲಬದ್ಧತೆ ಎಲ್ಲ ಶುರುವಾಗುತ್ತದೆ. ಓದುತ್ತಿರುವ ಸಿಸ್ಟರ್‌ಗಳೇ, ನಿಮ್ಮ ರೋಗಿಯ ನೀರಿನ ಬಾಟಲಿ ಸಂಜೆಯಿಂದ ಬೆಳಗಿನವರೆಗೆ ಹಾಗೇ ತುಂಬಿದ್ದರೆ ಏನೋ ಇದೆ ಅಂತ ತಿಳಿಯಿರಿ.

ಪ್ರಶ್ನೆ – ಕಲಬುರಗಿಯಿಂದ, ನರ್ಸಿಂಗ್ ವಿದ್ಯಾರ್ಥಿನಿ

ಮೇಡಂ, ನಾನು ಬಿಎಸ್ಸಿ ನರ್ಸಿಂಗ್ ಕೊನೇ ವರ್ಷ. ನಮ್ಮ ಗುಂಪಿನ ಪ್ರಾಜೆಕ್ಟ್ ಇದೇ ವಿಷಯ. ವಾರ್ಡಿನಲ್ಲಿ 30 ಜನರನ್ನು ಕೇಳಿದೆವು. ಎಲ್ಲರೂ "ಛಲೋ ನೋಡ್ತಾರ್ರಿ ಸಿಸ್ಟರ್" ಅಂತಲೇ ಹೇಳಿದರು. ಆದರೆ ಅದೇ ವಾರ್ಡಿನಲ್ಲಿ ಜಗಳ ಆಗುವುದನ್ನು ನಾವೇ ಕಣ್ಣಾರೆ ನೋಡಿದ್ದೇವೆ. ನಮ್ಮ ಲೆಕ್ಕ ಎಲ್ಲಿ ತಪ್ಪಿದೆ?

ಸಿಸ್ಟರ್ ಉತ್ತರ

ಮಗಳೇ, ಒಂದು ಕೇಳುತ್ತೇನೆ. ಹೋಗುವಾಗ ಯೂನಿಫಾರಂ ಹಾಕಿಕೊಂಡಿದ್ದಿರಾ? ಹೌದು ಅಂತಾದರೆ ಉತ್ತರ ಅಲ್ಲೇ ಇದೆ. ಇನ್ನೂ ಮೂರು ದಿನ ಅದೇ ಹಾಸಿಗೆಯಲ್ಲಿ ಮಲಗಬೇಕಾದವರು, ರಾತ್ರಿ ಇಂಜೆಕ್ಷನ್ ಕೊಡುವ ಕೈಗಳ ಬಗ್ಗೆ, ಅದೇ ಬಟ್ಟೆ ತೊಟ್ಟವರ ಮುಂದೆ ದೂರು ಹೇಳುತ್ತಾರಾ? ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಂದೂ ಇದೆ. ಬಿಟ್ಟಿ ಚಿಕಿತ್ಸೆ ಸಿಕ್ಕಿದೆಯಲ್ಲ, ದೂರಿದರೆ ಋಣ ಮರೆತ ಹಾಗೆ ಅಂತ ನಮ್ಮ ಜನ ಅಂದುಕೊಳ್ಳುತ್ತಾರೆ. ಏನೂ ಸಿಗಲ್ಲ ಅಂತ ಬಂದವರಿಗೆ ಸ್ವಲ್ಪ ಸಿಕ್ಕರೂ ತೃಪ್ತಿ. ಎಲ್ಲ ಸಿಗುತ್ತದೆ ಅಂತ ದುಡ್ಡು ಕಟ್ಟಿ ಬಂದವರಿಗೆ ಎಷ್ಟು ಸಿಕ್ಕರೂ ಕೊರತೆ. ದಾವಣಗೆರೆಯ ಅಮ್ಮನ ವಿಷಯದಲ್ಲೂ ಇದರ ಪಾಲು ಸ್ವಲ್ಪ ಇರಬಹುದು.

ಹಾಗಾಗಿ ಸಾಧ್ಯವಾದರೆ ಮನೆಗೆ ಹೋದ ಮೇಲೆ ಕೇಳಿ. ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ "ಮೇರಾ ಆಸ್ಪತಾಲ್" ಕೂಡ ಮೆಸೇಜು, ಫೋನು, ಆ್ಯಪ್ ಮೂಲಕವೇ ರೋಗಿಗಳ ಅಭಿಪ್ರಾಯ ತೆಗೆದುಕೊಳ್ಳುತ್ತದೆ. ಎದುರಿಗೆ ನಿಂತು ಕೇಳುವುದಕ್ಕಿಂತ ಅದು ಮೇಲು.

ಇನ್ನು ಪ್ರಶ್ನೆಯ ಮಾತು. "ಹೇಗೆ ನೋಡಿಕೊಂಡರು" ಅಂತ ಕೇಳಿದರೆ "ಚೆನ್ನಾಗಿ" ಅನ್ನುವುದೇ ಉತ್ತರ. "ಎಷ್ಟು ಸಲ" ಅಂತ ಕೇಳಿ. ಅಮೆರಿಕದಲ್ಲಿ 2008ರಿಂದ ಆಸ್ಪತ್ರೆಗಳ ರೋಗಿ ಸಮೀಕ್ಷೆಯ ಅಂಕಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಅದರಲ್ಲಿ ನರ್ಸ್‌ಗಳ ಬಗ್ಗೆ ಕೇಳುವುದು, ಎಷ್ಟು ಸಲ ಮರ್ಯಾದೆಯಿಂದ ಮಾತಾಡಿಸಿದರು, ಎಷ್ಟು ಸಲ ಗಮನ ಕೊಟ್ಟು ಕೇಳಿಸಿಕೊಂಡರು, ಎಷ್ಟು ಸಲ ಅರ್ಥವಾಗುವ ಹಾಗೆ ಹೇಳಿದರು ಅಂತ. ಉತ್ತರ ಯಾವತ್ತೂ ಇಲ್ಲ, ಕೆಲವು ಸಲ, ಸಾಮಾನ್ಯವಾಗಿ, ಯಾವಾಗಲೂ. ನೀವು ಇನ್ನೂ ಹತ್ತಿರದಿಂದ ಕೇಳಬಹುದು. "ನಿನ್ನೆ ರಾತ್ರಿ ಕರೆದಾಗ ಎಷ್ಟು ಹೊತ್ತಿಗೆ ಬಂದರು?" "ಈ ಮಾತ್ರೆ ಯಾತಕ್ಕೆ ಅಂತ ಯಾರಾದರೂ ಹೇಳಿದರಾ?" "ನಿಮ್ಮನ್ನು ಏನಂತ ಕರೆಯುತ್ತಾರೆ, ಹೆಸರು ಹಿಡಿದಾ, ಬೆಡ್ ನಂಬರ್ ಹಿಡಿದಾ?" ಆಗ ನೋಡಿ, ಮಾತು ಹೊರಗೆ ಬರುತ್ತದೆ.

ತೃಪ್ತಿ ಇದ್ದ ಕಡೆಯೆಲ್ಲ ಚಿಕಿತ್ಸೆಯೂ ಚೆನ್ನಾಗಿದೆ ಅಂತ ಬರೆಯಬೇಡಿ. 2012ರಲ್ಲಿ ಅಮೆರಿಕದಲ್ಲಿ 50 ಸಾವಿರಕ್ಕೂ ಜಾಸ್ತಿ ಜನರ ಮಾಹಿತಿ ನೋಡಿದಾಗ, ಡಾಕ್ಟರ್ ಬಗ್ಗೆ ತುಂಬ ತೃಪ್ತಿ ಇದ್ದವರಲ್ಲೇ ಆಸ್ಪತ್ರೆ ಸೇರುವುದು, ಔಷಧಿ ಖರ್ಚು ಜಾಸ್ತಿ ಇತ್ತು, ಸಾವೂ ಜಾಸ್ತಿ ಇತ್ತು. ಕೇಳಿದ್ದೆಲ್ಲ ಬರೆದುಕೊಟ್ಟರೆ ರೋಗಿ ಖುಷಿಯಾಗಬಹುದು, ಅದು ಒಳ್ಳೆಯದೇ ಆಗಬೇಕೆಂದಿಲ್ಲ. ಆಪರೇಷನ್ ಆದ ಮರುದಿನ ನೋವಿನಲ್ಲೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವ ನರ್ಸ್ ಮೇಲೆ ರೋಗಿಗೆ ಆ ಹೊತ್ತಿಗೆ ಸಿಟ್ಟೇ ಬರುತ್ತದೆ. ಅವಳು ಮಾಡುತ್ತಿರುವುದೂ ಕಾಳಜಿಯೇ. ಯಾಕೆ ಎಬ್ಬಿಸುತ್ತಿದ್ದೇನೆ ಅಂತ ಹೇಳಿ ಎಬ್ಬಿಸಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಪ್ರಶ್ನೆ – ಹೆಸರು, ಊರು ಬೇಡ

ನೀವು ಕಾಳಜಿ ಕಾಳಜಿ ಅಂತ ಬರೆಯುತ್ತಿದ್ದೀರಿ. ನನ್ನ ಹೆಂಡತಿಗೆ ಹೆರಿಗೆ ನೋವು ಬಂದಾಗ ಲೇಬರ್ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಬಾಯಿಗೆ ಬಂದ ಹಾಗೆ ಬೈದರು. ತೊಡೆಗೆ ಹೊಡೆದರು. ಆಮೇಲೆ ಮಗು ಕೈಗೆ ಕೊಡುವಾಗ ದುಡ್ಡು ಕೇಳಿದರು. ಎರಡನೇ ಮಗು ಬೇಡ ಅಂತಾಳೆ ಅವಳು. ಇದಕ್ಕೆ ಏನು ಹೇಳುತ್ತೀರಿ?

ಸಿಸ್ಟರ್ ಉತ್ತರ

ನಿಮ್ಮ ಹೆಂಡತಿಗೆ ಆದದ್ದು ಅನ್ಯಾಯ. ಕೆಲಸದ ಒತ್ತಡ, ಗಲಾಟೆ, ನಿದ್ದೆಗೇಡು ಯಾವುದೂ ಅದಕ್ಕೆ ಕಾರಣ ಅಂತ ನಾನು ಹೇಳುವುದಿಲ್ಲ. ನನ್ನ ಕೆಲಸದವರೇ ಒಬ್ಬರು ಹಾಗೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಗುತ್ತದೆ. ಅವರ ಪರವಾಗಿ ಕ್ಷಮೆ ಕೇಳುತ್ತೇನೆ, ನಿಮ್ಮ ಹೆಂಡತಿಗೆ ದಯವಿಟ್ಟು ತಿಳಿಸಿ.

ಹೆರಿಗೆ ಹೊತ್ತಿನಲ್ಲಿ ಬೈಯುವುದು ಹೊಡೆಯುವುದು ಹೆಣ್ಣಿನ ಹಕ್ಕಿನ ಉಲ್ಲಂಘನೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮ ದೇಶದಲ್ಲಿ 2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ತನ್ನವಳಾದ ಒಬ್ಬ ಹೆಂಗಸನ್ನು ಜೊತೆಗಿಟ್ಟುಕೊಳ್ಳಲು ಅವಕಾಶ ಇದೆ. 2017ರ ಡಿಸೆಂಬರಿನಲ್ಲಿ ಬಂದ "ಲಕ್ಷ್ಯ" ಕಾರ್ಯಕ್ರಮದಲ್ಲಿ, ಗೌರವದಿಂದ ಹೆರಿಗೆ ಮಾಡಿಸುವುದು ಲೇಬರ್ ರೂಮಿಗೆ ಅಂಕ ಕೊಡುವ ವಿಷಯಗಳಲ್ಲಿ ಒಂದು. ಮುಂದೆ ಯಾವತ್ತಾದರೂ ಹೋಗುವುದಿದ್ದರೆ ಅವಳ ತಾಯಿಯೋ ಅಕ್ಕನೋ ಒಳಗೆ ಇರಲಿ ಅಂತ ಕೇಳಿ. ನನ್ನ ಹೆರಿಗೆ ವಾರ್ಡಿನ ವರ್ಷಗಳಲ್ಲಿ ಕಂಡಿದ್ದು ಹೇಳುತ್ತೇನೆ, ಪಕ್ಕದಲ್ಲಿ ಸೊಂಟ ನೀವುವ ಒಂದು ಕೈ ಇದ್ದರೆ ತಾಯಿಯೂ ಹೆದರುವುದಿಲ್ಲ, ಸಿಬ್ಬಂದಿಯ ಬಾಯಿಯೂ ಹಿಡಿತದಲ್ಲಿರುತ್ತದೆ.

ದೂರು ಕೊಡುವುದಾದರೆ ನರ್ಸಿಂಗ್ ಸೂಪರಿಂಟೆಂಡೆಂಟ್, ಅವರ ಮೇಲೆ ವೈದ್ಯಾಧಿಕಾರಿ. ಬರವಣಿಗೆಯಲ್ಲಿ ಕೊಡಿ, ತಾರೀಖು ಮತ್ತು ಹೊತ್ತು ಇರಲಿ. ಆರೋಗ್ಯ ಸಹಾಯವಾಣಿ 104ಕ್ಕೂ ಫೋನ್ ಮಾಡಬಹುದು. ದುಡ್ಡು ಕೇಳಿದ್ದನ್ನು ಬೇರೆಯಾಗಿ ಬರೆಯಿರಿ. ಅದು ಲಂಚ, ವರ್ತನೆಯ ದೂರಿನ ಜೊತೆ ಸೇರಿಸಿದರೆ ತೇಲಿಹೋಗುತ್ತದೆ.

ಪ್ರತಿಕ್ರಿಯೆ – ಒಬ್ಬ ಶುಶ್ರೂಷಾಧಿಕಾರಿ, ಜಿಲ್ಲಾ ಮಟ್ಟದ ಆಸ್ಪತ್ರೆ

ಅಕ್ಕ, ಬೇಜಾರಾಗಬೇಡಿ. ನೀವು ಬರೆದದ್ದೆಲ್ಲ ಸರಿ. ಆದರೆ ನಿನ್ನೆ ನೈಟ್ ಡ್ಯೂಟಿಯಲ್ಲಿ 42 ರೋಗಿಗಳು, ನಾವಿಬ್ಬರು. ಅದರಲ್ಲಿ ಹೊಸ ಅಡ್ಮಿಷನ್ 6, ಒಬ್ಬರು ಸೀರಿಯಸ್. ಬೆಳಿಗ್ಗೆ ಚಾರ್ಟ್ ಬರೆಯುವ ಹೊತ್ತಿಗೆ ಕೈ ನಡುಗುತ್ತಿತ್ತು. ಯಾರ ಮುಖ ನೋಡಲಿ, ಯಾರ ಪಕ್ಕ ಕೂರಲಿ? ಜನ ನಮ್ಮನ್ನೇ ಬೈಯುತ್ತಾರೆ.

ಸಿಸ್ಟರ್ ಉತ್ತರ

ತಂಗಿ, ನಿನ್ನ ಮಾತಿಗೆ ಬೇಜಾರಾಗುವುದೇನು ಬಂತು. ಈ ಪ್ರಶ್ನೆ ಇಲ್ಲದೆ ಈ ಚರ್ಚೆಯೇ ಅರ್ಧ.

ಮೊದಲು ಇದನ್ನು ಓದುತ್ತಿರುವ ಉಳಿದವರು ತಿಳಿಯಲಿ. ಬೋಧನಾ ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬರು ನರ್ಸ್ ಬೇಕು ಅಂತ ಭಾರತೀಯ ನರ್ಸಿಂಗ್ ಪರಿಷತ್ತು ಹೇಳುತ್ತದೆ. ಈ ತಂಗಿಯ ಪಾಲಿಗೆ ಬಂದದ್ದು 21. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನೇ ಇದೆ. 1999ರಲ್ಲಿ ಪಾಸಾಗಿ 2004ರಲ್ಲಿ ಜಾರಿಗೆ ಬಂತು. ಸಾಮಾನ್ಯ ವಾರ್ಡಿನಲ್ಲಿ ಒಬ್ಬರಿಗೆ 5 ರೋಗಿಗಿಂತ ಜಾಸ್ತಿ ಕೊಡುವ ಹಾಗಿಲ್ಲ.

ಇದು ನರ್ಸ್‌ಗಳ ಸುಖದ ಪ್ರಶ್ನೆ ಮಾತ್ರ ಅಲ್ಲ. ಲಿಂಡಾ ಐಕೆನ್ ಅನ್ನುವವರು 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ಒಬ್ಬ ನರ್ಸ್‌ಗೆ ಒಂದೊಂದು ರೋಗಿ ಹೆಚ್ಚಾದ ಹಾಗೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ನೂರಕ್ಕೆ 7ರಷ್ಟು ಏರುತ್ತಿತ್ತು. ನರ್ಸ್‌ಗಳು ಬಳಲಿ ಬೇಸತ್ತು ಹೋಗುವ ಸಂಭವ ನೂರಕ್ಕೆ 23ರಷ್ಟು. 2014ರಲ್ಲಿ ಯುರೋಪಿನ 9 ದೇಶಗಳಲ್ಲಿ ನೋಡಿದಾಗಲೂ ಅದೇ ನೂರಕ್ಕೆ 7 ಬಂತು. ಹೊರಗಿನಿಂದ ನೋಡುವವರಿಗೆ "ಈ ಸಿಸ್ಟರ್‌ಗೆ ಕರುಣೆಯೇ ಇಲ್ಲ" ಅಂತ ಕಾಣುವುದು ಎಷ್ಟೋ ಸಲ ಒಳಗೆ ಇಬ್ಬರು ಮಾಡುವ ಕೆಲಸ ಎಂಟು ಜನರದ್ದಾಗಿರುತ್ತದೆ ಅನ್ನುವುದಕ್ಕೆ. ಸಾಲದ್ದಕ್ಕೆ ಒಂದು ವರ್ಷದ ಗುತ್ತಿಗೆ, ಕೈಗೆ ಬರುವ ಸಂಬಳ ಕಡಿಮೆ, ಸ್ಟ್ರೆಚರ್ ತಳ್ಳುವುದಕ್ಕೂ ನಾವೇ. ಆಸ್ಪತ್ರೆಯ ಬಗ್ಗೆ ದೂರು ಬರೆಯುವವರು ದಯವಿಟ್ಟು ಒಂದು ಸಾಲು ಸೇರಿಸಿ, "ಆ ರಾತ್ರಿ ಎಷ್ಟು ಜನ ನರ್ಸ್ ಇದ್ದರು" ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವಾರ್ಡಿನಲ್ಲಿ ಇರುವುದಿಲ್ಲ.

ಇಷ್ಟು ಹೇಳಿ ತಂಗಿ, ನನ್ನ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿ ಆರನೇ ವರ್ಷ. ಪುರುಷರ ಸರ್ಜಿಕಲ್ ವಾರ್ಡು, ರಾತ್ರಿ. ಹರ್ನಿಯಾ ಆಪರೇಷನ್ ಆದ ಒಬ್ಬ ಅಜ್ಜ, ಜೊತೆಗೆ ಯಾರೂ ಇಲ್ಲ. "ತಾಯಿ, ಮೂತ್ರಕ್ಕೆ ಹೋಗಬೇಕು" ಅಂದರು. "ಐದು ನಿಮಿಷ ಅಜ್ಜ, ಬಂದೆ" ಅಂದೆ. ಅಷ್ಟರಲ್ಲಿ ಅಪಘಾತದ ಕೇಸ್ ಬಂತು. ನಾನು ವಾಪಸ್ ಹೋದದ್ದು ಒಂದು ಗಂಟೆ ಮೇಲೆ. ಅಜ್ಜ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಹಾಸಿಗೆ ಒದ್ದೆ. ಮೇಲಿನ ಕಂಬಳಿಯನ್ನು ಒದ್ದೆ ಜಾಗಕ್ಕೆ ಒತ್ತಿ ಒತ್ತಿ ಒಣಗಿಸಲು ನೋಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ "ತಪ್ಪಾಯ್ತು ತಾಯಿ" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅಪಘಾತದ ಕೇಸ್ ಬಿಟ್ಟು ಬರುವುದಕ್ಕೆ ಆಗುತ್ತಿರಲಿಲ್ಲ, ನಿಜ. ಆದರೆ ಯೂರಿನಲ್ ಪಾತ್ರೆಯನ್ನು ಅವರ ಕೈಗೆ ಕೊಟ್ಟು ಹೋಗಲು ಅರ್ಧ ನಿಮಿಷ ಸಾಕಿತ್ತು.

ಅವತ್ತಿನಿಂದ "ಐದು ನಿಮಿಷ" ಅನ್ನುವ ಮಾತನ್ನು ಬಿಟ್ಟೆ. "ಈಗ ಆಗಲ್ಲ, ಆ ಬೆಡ್ ಮುಗಿಸಿ ಬರುತ್ತೇನೆ, ಅರ್ಧ ಗಂಟೆ ಆಗಬಹುದು, ತಡೆಯಲು ಆಗುತ್ತಾ?" ಅಂತ ಕೇಳುತ್ತೇನೆ. ನನ್ನ ಅನುಭವದಲ್ಲಿ ರೋಗಿ ಕಾಯಲು ತಯಾರಿರುತ್ತಾನೆ. ಬರುತ್ತಾರೋ ಇಲ್ಲವೋ ಅಂತ ಗೊತ್ತಿಲ್ಲದೆ ಕಾಯುವುದು ಮಾತ್ರ ಅವನಿಂದ ಆಗುವುದಿಲ್ಲ. ಭರವಸೆ ಅಂದರೆ ಇಷ್ಟೇ. ಹೇಳಿದ ಹೊತ್ತಿಗೆ ಬರುವುದು, ಬರಲಾಗದಿದ್ದರೆ ಬಾಗಿಲಿನಿಂದಲಾದರೂ ತಲೆ ಹಾಕಿ ಹೇಳುವುದು.

ಇನ್ನೊಂದು ಕ್ರಮ ನಿನಗೆ ಉಪಯೋಗಕ್ಕೆ ಬರಬಹುದು. ಕರೆಯುವ ಮೊದಲೇ ಒಂದು ಸುತ್ತು ಹೋಗುವುದು. 2006ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಇದನ್ನು ಮಾಡಿ ನೋಡಿದರು. ಕೆಲವು ವಾರ್ಡಿನಲ್ಲಿ ಗಂಟೆಗೊಮ್ಮೆ, ಕೆಲವು ಕಡೆ ಎರಡು ಗಂಟೆಗೊಮ್ಮೆ ಸುತ್ತು. ಪ್ರತಿ ಹಾಸಿಗೆಯಲ್ಲಿ ನೋವು ಇದೆಯಾ, ಮೂತ್ರಕ್ಕೆ ಹೋಗಬೇಕಾ, ಮಗ್ಗಲು ಬದಲಿಸಬೇಕಾ, ನೀರು ಬೆಲ್ ಕೈಗೆ ಸಿಗುತ್ತಾ ಅಂತ ನೋಡುವುದು. ಬೆಲ್ ಹೊಡೆಯುವುದು ಕಡಿಮೆಯಾಯಿತು, ರೋಗಿಗಳ ತೃಪ್ತಿ ಏರಿತು, ಗಂಟೆಗೊಮ್ಮೆ ಹೋದ ಕಡೆ ರೋಗಿಗಳು ಬೀಳುವುದೂ ಕಡಿಮೆಯಾಯಿತು. 42 ಜನಕ್ಕೆ ಇಬ್ಬರಿದ್ದಾಗ ಗಂಟೆಗೊಮ್ಮೆ ಆಗದ ಮಾತು. ಆದರೆ ರಾತ್ರಿ ಹತ್ತಕ್ಕೆ, ಲೈಟ್ ಆರಿಸುವ ಮೊದಲು, ಒಂದೇ ಒಂದು ಸುತ್ತು ಹೀಗೆ ಹೋಗಿ ನೋಡು. ನಮ್ಮ ವಾರ್ಡಿನಲ್ಲಿ ಆ ಒಂದು ಸುತ್ತಿನಿಂದಲೇ ನಡುರಾತ್ರಿಯ ಕೂಗು ಎಷ್ಟೋ ಇಳಿಯಿತು.

ಕೂರುವುದರ ಬಗ್ಗೆಯೂ ಕೇಳಿದೆಯಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಆದವರನ್ನು ಸರ್ಜನ್ ಕೆಲವರ ಹತ್ತಿರ ನಿಂತು, ಕೆಲವರ ಹತ್ತಿರ ಕೂತು ಮಾತಾಡಿಸಿದರು. 2012ರಲ್ಲಿ ಪ್ರಕಟವಾಯಿತು. ಕೂತಾಗ ನಿಜವಾಗಿ ಇದ್ದದ್ದು ಒಂದು ನಿಮಿಷದ ಮೇಲೆ ಸ್ವಲ್ಪ, ರೋಗಿಗಳು ಅಂದಾಜು ಮಾಡಿದ್ದು ಐದು ನಿಮಿಷ. ನಿಂತಾಗ ಇದ್ದದ್ದು ಒಂದೂವರೆ ನಿಮಿಷದ ಹತ್ತಿರ, ಅಂದಾಜು ನಾಲ್ಕು ನಿಮಿಷಕ್ಕೂ ಕಡಿಮೆ. ಅದು ಡಾಕ್ಟರ್‌ಗಳ ವಿಷಯ, ಆದರೆ ನಮಗೂ ಅನ್ವಯಿಸುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ 160 ವರ್ಷದ ಹಿಂದೆಯೇ ಬರೆದಿದ್ದರು, ರೋಗಿ ಕತ್ತು ಹೊರಳಿಸಬೇಕಾಗದ ಹಾಗೆ ಅವನ ಕಣ್ಣೆದುರಿಗೆ ಕೂತು ಮಾತಾಡಿ ಅಂತ. ಬಾಗಿಲಲ್ಲಿ ನಿಂತು ಪಿಸುಗುಟ್ಟಬೇಡಿ ಅಂತಲೂ ಬರೆದಿದ್ದಾರೆ. ಡ್ರಿಪ್ ವೇಗ ನೋಡುವ ಆ ಒಂದು ನಿಮಿಷ ಸ್ಟೂಲ್ ಎಳೆದು ಕೂತುಬಿಡು. ನಿನ್ನ ಕಾಲಿಗೂ ಸ್ವಲ್ಪ ಆರಾಮ.

ಪ್ರಶ್ನೆ – ಬೆಂಗಳೂರಿನಿಂದ

ನಮ್ಮ ತಾತ ಇದ್ದ ಆಸ್ಪತ್ರೆಯಲ್ಲಿ ಸಿಸ್ಟರ್‌ಗಳು ತುಂಬ ಒಳ್ಳೆಯವರು, ಆದರೆ ಹೆಚ್ಚಿನವರಿಗೆ ಕನ್ನಡ ಬರುತ್ತಿರಲಿಲ್ಲ. ತಾತನಿಗೆ ಇಂಗ್ಲಿಷ್ ಹಿಂದಿ ಎರಡೂ ಬರಲ್ಲ. ನಾವಿಲ್ಲದಾಗ ಏನು ಮಾಡುವುದು?

ಸಿಸ್ಟರ್ ಉತ್ತರ

ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳು ಊರು ಬಿಟ್ಟು ಬಂದು ಬಹಳ ಕಷ್ಟಪಟ್ಟು ಕೆಲಸ ಮಾಡುತ್ತಾರೆ. ಅವರ ಮೇಲೆ ನನಗೆ ಗೌರವ ಇದೆ. ಆದರೆ ರೋಗಿಯ ಮಾತು ತಿಳಿಯದೆ ಕಾಳಜಿ ಪೂರ್ತಿಯಾಗುವುದಿಲ್ಲ, ಇದನ್ನೂ ಹೇಳಲೇಬೇಕು. "ಎದೆ ಉರಿ" ಬೇರೆ, "ಎದೆ ಹಿಡ್ಕೊಂಡಿದೆ" ಬೇರೆ. ಒಂದಕ್ಕೆ ಗ್ಯಾಸಿನ ಮಾತ್ರೆ ಸಾಕಾಗಬಹುದು, ಇನ್ನೊಂದಕ್ಕೆ ಆ ಕ್ಷಣ ಇಸಿಜಿ ಬೇಕು. "ಜೋಮು ಹಿಡಿದಿದೆ", "ಸಂಕಟ ಆಗ್ತಿದೆ", "ತಲೆ ಸುತ್ತುತ್ತಿದೆ" ಇವೆಲ್ಲ ಚಿಕಿತ್ಸೆಯ ಮಾತುಗಳು. ಜರ್ಮನಿಗೆ ಹೋಗುವ ನಮ್ಮ ನರ್ಸ್‌ಗಳು ಬಿ2 ಮಟ್ಟದವರೆಗೆ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್ ಕಲಿಯುತ್ತಾರಲ್ಲ, ಇಲ್ಲಿನ ಆಸ್ಪತ್ರೆಗಳೂ ಕೆಲಸಕ್ಕೆ ಸೇರಿದವರಿಗೆ ದುಡ್ಡು ಕೊಟ್ಟು ಕನ್ನಡ ಕಲಿಸಬೇಕು. ಹುಡುಗಿಯರ ಮೇಲೆ ರೇಗಿ ಪ್ರಯೋಜನವಿಲ್ಲ.

ಸದ್ಯಕ್ಕೆ ನೀವು ಒಂದು ದಪ್ಪ ಹಾಳೆಯಲ್ಲಿ ಹತ್ತು ಚಿತ್ರ ಬರೆಯಿರಿ. ನೀರಿನ ಲೋಟ, ಕಕ್ಕಸು, ನೋವು, ಚಳಿ, ಮಗ್ಗಲು, ಉಸಿರು, ಹೀಗೆ. ಕೆಳಗೆ ಕನ್ನಡ ಶಬ್ದವನ್ನು ಸಿಸ್ಟರ್ ಓದಬಲ್ಲ ಲಿಪಿಯಲ್ಲಿ ಬರೆಯಿರಿ. ಹಾಸಿಗೆ ಪಕ್ಕ ಅಂಟಿಸಿ. ತಾತ ಬೆರಳು ತೋರಿಸಿದರೆ ಸಾಕು.

ಪ್ರಶ್ನೆ – ಹಾಸನದಿಂದ

ಚೆನ್ನಾಗಿ ನೋಡಿಕೊಂಡ ಸಿಸ್ಟರ್‌ಗೆ ಹೋಗುವಾಗ ಏನಾದರೂ ದುಡ್ಡು ಕೊಡಬಹುದಾ?

ಸಿಸ್ಟರ್ ಉತ್ತರ

ಬೇಡ. ಇವತ್ತು ನೀವು ಪ್ರೀತಿಯಿಂದ ಕೊಟ್ಟದ್ದು ನಾಳೆ ಪಕ್ಕದ ಹಾಸಿಗೆಯ ಬಡವರಿಗೆ ಹೊರೆಯಾಗುತ್ತದೆ. ಹೆಸರು ಹಿಡಿದು ಕರೆದು ಕೈ ಮುಗಿದು ಹೋಗಿ, ಆ ದಿನವಿಡೀ ನಮಗೆ ಅದೇ ಶಕ್ತಿ.

ಪ್ರತಿಕ್ರಿಯೆ – ದಾವಣಗೆರೆಯವರು, ಎರಡು ದಿನದ ಮೇಲೆ

ಸಿಸ್ಟರ್, ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. "ಅಲ್ಲಿ ಒಬ್ಬರೂ ನೋಡಲಿಲ್ವಾ ಅಮ್ಮ, ಒಬ್ಬರೂನಾ?" ಅಂತ ಕೇಳಿದೆ. ಸುಮಾರು ಹೊತ್ತು ಸುಮ್ನೆ ಇದ್ದರು. ಆಮೇಲೆ ಹೇಳಿದರು, ಆರನೇ ದಿನ ರಾತ್ರಿ ಒಬ್ಬ ಸಣ್ಣ ಹುಡುಗಿ, ಹೊಸ ಸಿಸ್ಟರ್ ಇರಬೇಕು, ಬಿಪಿ ನೋಡಲು ಬಂದಳಂತೆ. ಮೇಜು ಅಮ್ಮನ ಆಪರೇಷನ್ ಆದ ಕಡೆಗೆ ಇತ್ತಂತೆ, ಅದಕ್ಕೇ ಬಾಟಲಿ ಕೈಗೆ ಎಟುಕುತ್ತಿರಲಿಲ್ಲ. ಆ ಹುಡುಗಿ ಏನೂ ಕೇಳದೆ ಮೇಜನ್ನು ಈ ಕಡೆಗೆ ಎಳೆದಿಟ್ಟು, ಬಾಟಲಿ ಮುಚ್ಚಳ ಸಡಿಲ ಮಾಡಿ, ಅಮ್ಮನ ಕೂದಲು ಬಿಚ್ಚಿಹೋಗಿದ್ದನ್ನು ಜಡೆ ಹಾಕಿ ಹೋದಳಂತೆ. "ಅವಳ ಹೆಸರು ಕೇಳಲೇ ಇಲ್ಲ ನೋಡು" ಅಂತ ಅಮ್ಮ ಈಗ ಕೊರಗುತ್ತಿದ್ದಾರೆ. ಹೆಸರು ಗೊತ್ತಿಲ್ಲದೆ ಪತ್ರ ಬರೆದರೆ ಅವಳಿಗೆ ಮುಟ್ಟುತ್ತದಾ?

ಸಿಸ್ಟರ್ ಉತ್ತರ

ಮುಟ್ಟುತ್ತದೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗೆ ಬರೆಯಿರಿ. ತಾರೀಖು, ರೂಮ್ ನಂಬರ್, ರಾತ್ರಿ ಎಷ್ಟು ಗಂಟೆ ಅಂತ ಹಾಕಿ. ಡ್ಯೂಟಿ ಪಟ್ಟಿ ತೆಗೆದರೆ ಯಾರು ಅಂತ ತಿಳಿಯುತ್ತದೆ, ಬಿಪಿ ಚಾರ್ಟಿನಲ್ಲಿ ಅವಳ ಸಹಿಯೂ ಇರುತ್ತದೆ. ಮೇಜು, ಮುಚ್ಚಳ, ಜಡೆ ಮೂರನ್ನೂ ಬಿಡದೆ ಬರೆಯಿರಿ. ಬೆಡ್‌ಪ್ಯಾನಿಗೆ ಕಾದದ್ದನ್ನೂ ಅದೇ ಪತ್ರದಲ್ಲಿ ಬರೆಯಿರಿ. ಅಮ್ಮನಿಂದಲೇ ಸಹಿ ಮಾಡಿಸಿ.